ಬಣ್ಣ ಹೋದ ನೀರು

ಈ ಬೆಳಿಗ್ಗೆ ನಲ್ಲಿ ತಿರುಗಿಸಿದ ಕೂಡಲೇ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಬಕೆಟ್ಟು ತುಂಬುವಷ್ಟರಲ್ಲಿ ನಮ್ಮ ಸರ್ ನೆನಪಾದರು...

ತೊಂಬತ್ತರ ದಶಕದ ಕೊನೆ. ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ, ಅವರು ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ವಿದ್ಯಾನಗರದ ಬಾಡಿಗೆ ಮನೆಯ ತಾರಸಿಯಲ್ಲಿ ಗಾಜಿನ ತಟ್ಟೆಗಳಿಗೆ ಬಣ್ಣದ ನೀರು ಹಾಕಿ, ಚಿಟಿಕೆ ಬಿಳಿ ಪುಡಿ ಕಲಕಿ ಬಿಸಿಲಿಗಿಡುತ್ತಿದ್ದರು. ಅದು ಸತುವಿನ ಆಕ್ಸೈಡು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಅರೆವಾಹಕ. ಬಿಸಿಲು ತಾಗಿದರೆ ಬಣ್ಣದ ಅಣುಗಳನ್ನೇ ಒಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಡುನೀಲಿ ನೀರು ತಿಳಿಯಾಗುತ್ತಿತ್ತು. ಆಗ ಅವರ ಮುಖ ನೋಡಬೇಕಿತ್ತು!

ಹರಿಹರದಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಸಾಹುಕಾರರೊಬ್ಬರು ಅವರನ್ನು ಕರೆಸಿಕೊಂಡರು. ಊರ ಹಿರಿಯರ ಎದುರು ಸರ್ ತೊಟ್ಟಿಯ ನೀರನ್ನು ತಿಳಿ ಮಾಡಿ ತೋರಿಸಿದರು. ಸಾಹುಕಾರರು ಲೋಟ ತುಂಬಿ ಮುಂದೆ ಹಿಡಿದರು.

"ಕುಡೀರಿ ಮೇಷ್ಟ್ರೇ."

"ಬಣ್ಣ ಹೋತು ಅಂದ್ರ ವಿಷ ಹೋತು ಅಂತಲ್ರಿ. ಪರೀಕ್ಷೆ ಮಾಡ್ಬೇಕು."

"ತಾವು ಬೇಸಿದ್ದು ತಾವೇ ಉಣ್ಣಲ್ಲ ನೋಡ್ರಿ!" ಎಂದರು ಸಾಹುಕಾರರು. ಜನ ಹೊಟ್ಟೆ ಹಿಡಿದು ನಕ್ಕರು.

ಸಾಹುಕಾರರಿಗೆ ಬೇಕಾದದ್ದು ಸಿಕ್ಕಿತ್ತು: ನೀರು ತಿಳಿಯಾಗಿ ಕಂಡರೆ ಯಾರೂ ತಕರಾರು ಮಾಡುವುದಿಲ್ಲ. ಪುಡಿಯೂ ಬೇಡ, ಬಿಸಿಲೂ ಬೇಡ... ಕಾರ್ಖಾನೆಯ ನೀರಿಗೆ ಮೂಟೆಗಟ್ಟಲೆ ಬ್ಲೀಚಿಂಗ್ ಪೌಡರ್ ಸುರಿಸಿ, ಬಣ್ಣ ಮಾಯವಾದ ಮೇಲೆ ಹಳ್ಳಕ್ಕೆ ಬಿಡಿಸಿದರು. ಕೇಳಿದವರಿಗೆ ಇದು ಮೇಷ್ಟ್ರು ಕಲಿಸಿದ್ದು ಎಂದರು. ಹಳ್ಳ ಹೊಳೆ ಸೇರುವಲ್ಲಿ ಮೀನುಗಳು ಸತ್ತು ತೇಲಿದವು.

ಮೀನು ಹಿಡಿದು ಬದುಕುವವರು ಬುಟ್ಟಿ ಹೊತ್ತು ವಿದ್ಯಾನಗರಕ್ಕೇ ಬಂದರು. ಸತ್ತ ಮೀನುಗಳನ್ನು ಸರ್ ಮನೆಯ ಹೊಸಿಲ ಮೇಲೆ ಸುರಿದರು. "ನಿಮ್ಮ ಪುಡಿ ನಮ್ಮ ಅನ್ನ ತಿಂತಲ್ರೀ!" ಎಂದು ಮುದುಕಿಯೊಬ್ಬಳು ಮಣ್ಣು ತೂರಿದಳು. ಅದು ತಮ್ಮ ಕೆಲಸವಲ್ಲವೆಂದು ಸರ್ ಕೈಮುಗಿದರು. ಯಾರೂ ನಂಬಲಿಲ್ಲ. ಅವರ ಹೆಂಡತಿ ಹೊಸಿಲು ತೊಳೆದರು. ಗಂಡನ ಮುಖ ನೋಡಲಿಲ್ಲ.

ಮರುದಿನ ಹಳ್ಳದ ನೀರನ್ನು ಬಾಟಲಿಗೆ ತುಂಬಿಕೊಂಡು ಸರ್ ಜೊತೆ ನಾನೂ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯ ಬಳಿ ಹೋದೆ. ಅಧಿಕಾರಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಬಣ್ಣಾನೇ ಇಲ್ಲಲ್ರಿ. ಬಣ್ಣ ತೆಗ್ಯೋದು ತೋರ್ಸಿದವ್ರು ನೀವೇ ಅಲ್ಲೇನು?"

ಸರ್ ಬಾಟಲಿ ತೆಗೆದುಕೊಂಡು ಎದ್ದರು. ಮನೆಗೆ ಬಂದವರೇ ತಾರಸಿಯ ತಟ್ಟೆಗಳನ್ನೆಲ್ಲ ಒಡೆದು ಹಾಕಿದರು. ಕೆಲಸ ಬಿಟ್ಟು ಮಾಯಕೊಂಡದ ಕಡೆಯ ತಮ್ಮ ಊರಿಗೆ ಹೋದರು. ಕಾರ್ಖಾನೆ ನಡೆದೇ ಇತ್ತು...

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಅವರ ಹೆಂಡತಿಗೆ ಫೋನು ಮಾಡಿದೆ. ಮಾತಿನ ನಡುವೆ, ಆ ಮೀನು ಸತ್ತಿದ್ದು ಸಾಹುಕಾರರು ಸುರಿಸಿದ ಬ್ಲೀಚಿಂಗ್ ಪೌಡರಿನಿಂದ, ಅದರಲ್ಲಿ ಸರ್ ತಪ್ಪೇನೂ ಇರಲಿಲ್ಲ ಎಂದೆ.

"ಅವ್ರೂ ಹಿಂಗೇ ಹೇಳೋರು," ಎಂದರು. "ನಾನು ನಂಬ್ಲಿಲ್ಲ. ಅವ್ರು ಸಾಯೋತನಕ ಅದನ್ನೇ ಎತ್ತಿ ಹಂಗಿಸಿದ್ನಲ್ಲವ್ವ..."

ಅವರ ಆ ಮಾತು ಕೇಳಬೇಕಾಗಿದ್ದ ಸರ್ ಈಗ ಇಲ್ಲ.