ಒಣಗಲು ಇಟ್ಟ ಹನ್ನೆರಡು ಪದಗಳು

ಬೋರ್ಡ್ ಬರೆಯುವವನ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಬೀದಿಯೇ ಹೊಗಳುತ್ತಿತ್ತು. ಆ ದಿನ ಅದೇ ಅಕ್ಷರ ಕಂಡು ಅವನ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು.

ಹೊಲಿಗೆ ಕೆಲಸದಿಂದ ಅವಳು ಉಳಿಸಿದ ಹಣವೆಲ್ಲ ಬಿಟ್‌ಕಾಯಿನ್ ಆಗಿ ಗಂಡನ ಮೊಬೈಲಿನ ವಾಲೆಟ್‌ನಲ್ಲಿತ್ತು. ಮೊಬೈಲು ಕೆಟ್ಟರೂ ಹಣ ಕೈತಪ್ಪದಿರಲೆಂದು ವಾಲೆಟ್ ಹನ್ನೆರಡು ಪದಗಳನ್ನು ಕೊಟ್ಟಿತ್ತು; ಯಾವ ಮೊಬೈಲಿನಲ್ಲಿ ಅವನ್ನು ಒತ್ತಿದರೂ ಆ ಹಣ ಕೈಗೆ ಸಿಗುತ್ತಿತ್ತು. ಅವನ್ನು ಅಳಿಸಿಹೋಗದ ಹಾಗೆ ಬರೆದಿಡಲು ಅವಳೇ ಹೇಳಿದ್ದಳು. ಅವನು ತಗಡಿನ ಮೇಲೆ ಎನಾಮೆಲ್ ಬಣ್ಣದಲ್ಲಿ, ಅಂಗೈಯಗಲದ ಅಕ್ಷರಗಳಲ್ಲಿ ಬರೆದು, ಒಣಗಲೆಂದು ಅಂಗಡಿಯ ಮುಂದೆ ಬೀದಿಗೆ ಮುಖಮಾಡಿ ನಿಲ್ಲಿಸಿದ್ದ!

"ರೀ, ನಿಮ್ಮ ತಲೇಲಿ ಬಣ್ಣ ತುಂಬಿದ್ಯಾ? ಮನೆ ವಿಳಾಸ ಬೋರ್ಡ್ ಮೇಲೆ ಬರೀಬಹುದು, ಬೀಗದ ಕೈಯನ್ನೇ ಬೀದೀಲಿ ನೇತುಹಾಕ್ತಾರಾ?"

"ಒರೆಸಿಬಿಡ್ತೀನಿ ಕಣೇ. ಏನಾದ್ರೂ ಆದ್ರೆ ಬ್ಯಾಂಕಿಗೆ ಹೇಳೋಣ."

"ಯಾವ ಬ್ಯಾಂಕು? ಇದಕ್ಕೆ ಮ್ಯಾನೇಜರಿಲ್ಲ, ದೂರು ಕೇಳೋರಿಲ್ಲ. ಆ ಪದ ಗೊತ್ತಿದ್ದೋನೇ ಯಜಮಾನ. ಒಮ್ಮೆ ಹೋದ ಕಾಯಿನ್ ವಾಪಸ್ ಬರಲ್ಲ. ಯಾರಾದ್ರೂ ಫೋಟೋ ತೆಗೆದಿದ್ರೆ ಒರೆಸಿ ಏನು ಬಂತು?"

ಅವನ ಮೊಬೈಲನ್ನು ಅವಳು ಕಿತ್ತುಕೊಂಡಳು. ತನ್ನ ಮೊಬೈಲಿನಲ್ಲಿ ಹೊಸ ವಾಲೆಟ್ ತೆರೆದು, ಅದರ ವಿಳಾಸಕ್ಕೆ ಕಾಯಿನ್‌ಗಳನ್ನೆಲ್ಲ ಕಳಿಸಿದಳು. ವರ್ಗಾವಣೆ ಖಚಿತವಾಗುವ ತನಕ ಹಲ್ಲು ಕಚ್ಚಿ ನಿಂತಿದ್ದಳು. ಪುಣ್ಯಕ್ಕೆ ಎಲ್ಲವೂ ಬಂದು ಸೇರಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಹೊಸ ಪದಗಳು ಯಾವುವೇ?" ಎಂದು ಅವನು ಮೆಲ್ಲಗೆ ಕೇಳಿದ.

"ಹೇಳಲ್ಲ."

"ಗಂಡನಿಗೂ ಹೇಳಲ್ವಾ?"

"ಗಂಡನಿಗೆ ಹೇಳ್ಬಹುದಿತ್ತು. ಬೋರ್ಡ್ ಬರೆಯೋರಿಗೆ ಹೇಳಲ್ಲ!"