ಅತ್ತೆಯವರ ಶುಕ್ರವಾರದ ನೀರು

ಚಿನ್ಮಯಿ, ತೇಜು, ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅತ್ತೆ ಮುನಿತಾಯಮ್ಮನವರು ಶುಕ್ರವಾರ ಮನೆ ತೊಳೆಯುತ್ತಿದ್ದದ್ದು ನಿಮಗೆ ನೆನಪಿದೆಯೋ ಇಲ್ಲವೋ. ಎಂಬತ್ತರ ಹತ್ತಿರದ ಹೆಂಗಸು. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ತುಂಬಿದ ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡು, ಬಾಗಿಲಲ್ಲಿ ನಿಂತು ಒಂದೇ ಸಲ ಎರಚಿದರೆ ನೀರು ಹೋಗಿ ಹಾಲಿನ ಹಿಂದಿನ ಗೋಡೆಗೆ ಬಡಿಯುತ್ತಿತ್ತು. "ಕಾಲೆತ್ಕಳ್ರೋ, ಕಾವೇರಿ ಬಂದ್ಲು!" ಎಂದು ಕೂಗುತ್ತಿದ್ದರು. ನೀವಿಬ್ಬರೂ ಸೋಫಾದ ಮೇಲೆ ಕಾಲು ಮಡಚಿಕೊಂಡು ಕುಣಿಯುತ್ತಿದ್ದಿರಿ. ನಿಮ್ಮಮ್ಮ ಒಮ್ಮೆ ಕೋಲಿನ ಮಾಪು ತಂದುಕೊಟ್ಟಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಒರ್ಸೋದು ಅಂದ್ರೆ ಈ ಮೂಲೆ ಕೊಳೇನ ಆ ಮೂಲೆಗೆ ನೆಂಟರ ಮನೆಗೆ ಕಳ್ಸೋದು ಕಣಮ್ಮ" ಎಂದು ಬಾಗಿಲ ಹಿಂದೆ ನಿಲ್ಲಿಸಿಬಿಟ್ಟರು.

ಅವರಿಗೆ ನೀರಿನ ಮೇಲೆ ಯಾಕಷ್ಟು ಆಸೆ ಎಂದು ನನಗೆ ಗೊತ್ತಿತ್ತು. ನಾನು ಮದುವೆಯಾಗಿ ಈ ಕುಂದಲಹಳ್ಳಿಗೆ ಬಂದಾಗ ನಮ್ಮದು ಮಣ್ಣಿನ ಮನೆ. ಸಗಣಿ ಸಾರಿಸಿದ ನೆಲ. ಅಲ್ಲಿ ಒಂದು ಚೊಂಬು ನೀರು ಚೆಲ್ಲಿದರೂ ಅತ್ತೆ ಓಡಿ ಬರುತ್ತಿದ್ದರು. ಹಬ್ಬ ಬಂತೆಂದರೆ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುವರು. ಅದಕ್ಕೆ ಕಾರಣೆ ಎನ್ನುತ್ತಾರೆ. ಬಟ್ಟೆಯ ತುಂಡನ್ನು ಕೆಮ್ಮಣ್ಣಿನ ನೀರಲ್ಲಿ ಅದ್ದಿ, ಗೋಡೆಗುಂಟ ಕುಕ್ಕುರುಗಾಲಲ್ಲೇ ಸರಿಯುತ್ತ ಎಳೆದರೆ ದಾರ ಹಿಡಿದಷ್ಟು ನೆಟ್ಟಗಿರುತ್ತಿತ್ತು. ಆಮೇಲೆ ಸಿಮೆಂಟಿನ ಮನೆ ಬಂತು, ಬೋರ್‌ವೆಲ್ ಬಂತು. ನೆಲಕ್ಕೆ ನೀರು ಸುರಿದರೂ ನೆಲ ಕರಗುವುದಿಲ್ಲ ಎಂಬುದು ಅವರಿಗೆ ದೊಡ್ಡ ಸುಖ. ಎಷ್ಟೋ ವರ್ಷ ತಡೆದುಕೊಂಡಿದ್ದ ಕೈ ಅದು.

ಹೊಲವಿದ್ದ ಕಡೆಯೆಲ್ಲ ಗಾಜಿನ ಕಟ್ಟಡಗಳು ಎದ್ದ ಮೇಲೆ ಊರಿನ ಎಲ್ಲರಂತೆ ನಾವೂ ಬಾಡಿಗೆ ರೂಮುಗಳನ್ನು ಕಟ್ಟಿಸಿದೆವು. ಒಂದು ರೂಮು ನಮ್ಮ ಹಾಲಿನ ಹಿಂದಿನ ಗೋಡೆಗೇ ಸೇರಿದೆ. ನಿಮ್ಮ ತಾತ ತೀರಿಹೋದ ಮೇಲೆ ಬಾಡಿಗೆಯವರ ಹತ್ತಿರ ಮಾತು, ಜಗಳ, ನಗು ಎಲ್ಲ ಅತ್ತೆಯವರದೇ. ನನಗೆ ಹೊರಗಿನವರ ಮುಂದೆ ಮಾತು ಗಂಟಲಿನಲ್ಲೇ ಉಳಿಯುತ್ತಿತ್ತು. ಆ ರೂಮಿಗೆ ಯಾದಗಿರಿ ಕಡೆಯಿಂದ ಬಂದ ರೇಣುಕಾ ಮತ್ತು ಅವಳ ಗಂಡ ಮಲ್ಲಪ್ಪ ಸೇರಿಕೊಂಡರು. ಮಲ್ಲಪ್ಪನದು ಗಾರೆ ಕೆಲಸ. ಬೆಳಗ್ಗೆ ರೇಣುಕಾ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಅತ್ತೆ ಕಿಟಕಿಯಿಂದ, "ಏನಮ್ಮ, ರೊಟ್ಟಿ ತಟ್ತೀಯೋ, ನನ್ ಮನೆ ಕೆಡುವ್ತೀಯೋ?" ಎನ್ನುವರು. "ಬರ್ರೀ ಯಮ್ಮಾ, ಬಿಸೀದದ, ಒಂದು ತಿನ್ರಿ" ಎಂದು ಅವಳು ಕರೆದರೆ, "ಏ, ನಂಗ್ಯಾಕೆ" ಎನ್ನುತ್ತಲೇ ಹೋಗಿ ಕೂತುಬಿಡುವರು.

ಆ ರೂಮಿನಲ್ಲೇ ರೇಣುಕಾಳ ಮಗಳು ಹುಟ್ಟಿ ಕೆಲವು ತಿಂಗಳಾಗಿತ್ತು. ಮಗುವಿಗೆ ಕೆಮ್ಮು ಹತ್ತಿಕೊಂಡಿತು. ಹೋಗುತ್ತದೆ, ಮತ್ತೆ ಬರುತ್ತದೆ. ಒಂದು ದಿನ ಅತ್ತೆಯೂ ನಾನೂ ಮಗುವನ್ನು ನೋಡಲು ಹೋದೆವು. ನೆಲದಿಂದ ಒಂದು ಗೇಣಿನ ತನಕ ಗೋಡೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಉಪ್ಪಿನಂಥ ಪುಡಿ ಉದುರುತ್ತಿತ್ತು. ಮಗುವಿನ ಹಾಸಿಗೆ ಇದ್ದ ಮೂಲೆಯಲ್ಲಿ ಕಪ್ಪನೆಯ ಬೂಷ್ಟು. ಕೈಯಿಟ್ಟರೆ ತಣ್ಣಗೆ ಒದ್ದೆ.

ಅತ್ತೆಗೆ ಮೈಯೆಲ್ಲ ಉರಿಯಿತು. "ಒಳಗೇ ಬಟ್ಟೆ ಒಗೀತಿದ್ದೀಯೇನೇ? ನೀರೆಲ್ಲ ಗೋಡೆ ಬುಡಕ್ಕೆ ಬಿಟ್ಟು, ಆ ಥಂಡೀಲಿ ಮಗೀನ ಮಲಗ್ಸಿದ್ದೀಯಲ್ಲ!"

"ಇಲ್ರೀ ಯಮ್ಮಾ, ನಾ ಒಂದು ಹನಿ ಚೆಲ್ಲಂಗಿಲ್ರಿ. ಅರಿವಿ ಹಿಂಡಿ ಒರಸ್ತೀನ್ರಿ, ಅಷ್ಟ."

"ಅಂಗಾದ್ರೆ ಗೋಡೆ ತಾನೇ ಉಚ್ಚೆ ಉಯ್ಕೊಂಡ್ತಾ? ಈ ತಿಂಗ್ಳು ಆದ್ಮೇಲೆ ಬೇರೆ ಮನೆ ನೋಡ್ಕೊಳ್ರಿ."

ರೇಣುಕಾ ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಯನ್ನೇ ನೋಡುತ್ತ ನಿಂತಳು. ಕೂಸು ಇರುವವರಿಗೆ ಈ ಕಡೆ ರೂಮು ಸಿಗುವುದು ಎಷ್ಟು ಕಷ್ಟ ಎಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಮಲ್ಲಪ್ಪ ಕೆಲಸ ಬಿಟ್ಟು ಮನೆ ಹುಡುಕಲು ಅಲೆಯತೊಡಗಿದ.

ಆದರೆ ಅತ್ತೆಯವರಿಗೆ ಕಣ್ಣಾರೆ ನೋಡದೆ ಸಮಾಧಾನವಿಲ್ಲ. ಆ ಶುಕ್ರವಾರ ನನಗೆ, "ಗೌರಿ, ಇವತ್ತು ಮನೆ ನೀನೇ ತೊಳಿ. ನಾನ್ ಓಗಿ ಅವ್ಳೆಲ್ಲಿ ನೀರು ಚೆಲ್ತಾಳೆ ಅಂತ ಕಂಡಿಡೀತೀನಿ" ಎಂದು ಹೇಳಿ, ರೇಣುಕಾಳ ರೂಮಿನಲ್ಲಿ ಆ ಗೋಡೆಗೇ ಒರಗಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಾವಲು ಕೂತರು. ನಾನು ಅವರಂತೆಯೇ ಬಕೆಟ್ಟು ಬಕೆಟ್ಟು ನೀರು ಹೊಯ್ದು, ಪೊರಕೆಯಿಂದ ಹಿಂದಿನ ಗೋಡೆಯ ಕಡೆಗೆ ತಳ್ಳುತ್ತಿದ್ದೆ. ನಮ್ಮ ಹಾಲಿನ ಇಳಿಜಾರು ಇರುವುದೇ ಆ ಕಡೆಗೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಕೂಗು ಬಂತು:

"ನಿಲ್ಸೇ! ಗೌರೀ, ನಿಲ್ಸೇ ನೀರ್ನ!"

ಓಡಿಹೋಗಿ ನೋಡಿದರೆ ಅತ್ತೆಯವರ ಸೀರೆ ಹಿಂದುಗಡೆ ಪೂರ್ತಿ ಒದ್ದೆ. ನಾನು ಹೊಯ್ದ ನೀರು ನಮ್ಮ ಗೋಡೆಯ ಬುಡದಲ್ಲಿ ಈಚೆಗೆ ಅಗಲವಾಗಿದ್ದ ಬಿರುಕಿಗೆ ಇಳಿದು, ಆ ಕಡೆ ನೆಲದ ಅಂಚಿನಿಂದ ಜಿನುಗಿ ಮಗುವಿನ ಹಾಸಿಗೆಯ ತನಕ ಹರಿದಿತ್ತು. ಅತ್ತೆ ಅದನ್ನು ನೋಡಿದರು. ತಮ್ಮ ಸೀರೆ ನೋಡಿಕೊಂಡರು. ಮಗುವನ್ನು ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಬಂದರು. ಅಲ್ಲಿ ನಲ್ಲಿಯ ಹತ್ತಿರ ಬೇರೆ ರೂಮಿನ ಹೆಂಗಸರೆಲ್ಲ ಇದ್ದರು. ಬೇರೆ ಯಾರಾದರೂ ಆಗಿದ್ದರೆ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಸುಮ್ಮನಾಗುತ್ತಿದ್ದರು. ಇವರು ಎಲ್ಲರಿಗೂ ಕೇಳುವಂತೆ ಹೇಳಿದರು:

"ಏ ರೇಣುಕಾ, ನೀರು ಚೆಲ್ಲಿದ ಮೂದೇವಿ ನಾನೇ ಕಣಮ್ಮ. ನಾ ನಿಂಗೆ ಏನೇನ್ ಅಂದ್ನೋ ಅಷ್ಟೂ ನಂಗೆ ವಾಪಸ್ ಅನ್ನು."

"ಅಯ್ಯ, ಹಿರೇರಿಗೆ ಬೈತಾರೇನ್ರೀ ಯಮ್ಮಾ?"

"ನೀ ಬೈಯಲ್ವಾ? ಅಂಗಾದ್ರೆ ನಾನೇ ಬೈಕೊಳ್ತೀನಿ" ಎಂದು ತಮಗೆ ತಾವೇ ಬೈದುಕೊಂಡರು. ಅವರ ಬೈಗುಳವನ್ನು ನಾನಿಲ್ಲಿ ಬರೆಯಲಾರೆ. ನಲ್ಲಿಯ ಹತ್ತಿರವಿದ್ದವರು ನಕ್ಕರು, ರೇಣುಕಾ ಮಾತ್ರ ಅಳುತ್ತಿದ್ದಳು. ಕೊನೆಗೆ ಅತ್ತೆ ಮೆಟ್ಟಿಲ ಮೇಲೆ ಕೂತು ತಣ್ಣಗೆ, "ಮಣ್ಣಿನ ಮನೇಲಿದ್ದಾಗ ಗೋಡೆ ಬುಡ ಕಾದೋಳು ನಾನು. ಸಿಮೆಂಟು ಬಂದ್ಮೇಲೆ ಮರ್ತೇ ಓಯ್ತಲ್ಲೇ" ಎಂದರು.

ಅವತ್ತೇ ಅತ್ತೆ ತಾಯಿ ಮಗು ಇಬ್ಬರನ್ನೂ ನಮ್ಮ ಹಾಲಿಗೆ ಕರೆದುಕೊಂಡು ಬಂದರು. ನಿಮ್ಮಪ್ಪ, "ಒಳ್ಳೇ ಆಯಿಲ್ ಪೇಂಟ್ ಹೊಡಿಸ್ಬಿಡೋಣ ಬಿಡಜ್ಜಿ, ಗೊತ್ತೇ ಆಗಲ್ಲ" ಎಂದ. "ನೆಂದ ತಲೆ ಒರ್ಸ್ದೆ ಪೇಟ ಕಟ್ತೀಯೇನೋ?" ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು. ಮಲ್ಲಪ್ಪ ಗೋಡೆಯ ಎರಡೂ ಕಡೆ ಕೆಟ್ಟ ಗಾರೆಯನ್ನು ಕೆತ್ತಿ ತೆಗೆದ. ಇಟ್ಟಿಗೆ ಒಣಗುವ ತನಕ ಅತ್ತೆ ಮುಂದಿನ ಕೆಲಸಕ್ಕೆ ಬಿಡಲಿಲ್ಲ. ದಿನಾ ಬೆಳಗ್ಗೆ ಹೋಗಿ ಇಟ್ಟಿಗೆಗೆ ಕೆನ್ನೆ ಒತ್ತಿ ನೋಡಿ, "ಇನ್ನೂ ತಣ್ಣಗೈತೆ" ಎಂದು ವಾಪಸ್ಸು ಬರುವರು. ಕೊನೆಗೊಂದು ದಿನ ಒಪ್ಪಿದರು. ಮಲ್ಲಪ್ಪ ಬಿರುಕಿಗೆ ನೀರು ಇಳಿಯದ ಗಾರೆ ತುಂಬಿ, ನೆಲವೂ ಗೋಡೆಯೂ ಕೂಡುವ ಮೂಲೆಯನ್ನು ಸಿಮೆಂಟಿನಿಂದ ಇಳಿಜಾರಾಗಿ ಸವರಿ, ಅದರ ಮೇಲೆ ಒಂದು ಗೇಣೆತ್ತರದ ಟೈಲ್ಸ್ ಪಟ್ಟಿ ಕೂರಿಸಿದ. ಕೆಲಸ ಮುಗಿಸಿ, "ಇದು ಬಾಳಿಕಿ ಬರಬೇಕಂದ್ರ ಈ ಕಡಿಂದ ನೀರ ಹೊಯ್ಯಬ್ಯಾಡ್ರೀ ಯಮ್ಮಾ" ಎಂದು ಹಿಂಜರಿಯುತ್ತ ಹೇಳಿದ.

ಮುಂದಿನ ಶುಕ್ರವಾರ ಅತ್ತೆ ಏನು ಮಾಡುತ್ತಾರೋ ಎಂದು ನಾನು ಕಾದಿದ್ದೆ. ಒಂದು ಹಳೆಯ ಲಂಗವನ್ನು ಹರಿದು, ನೀರಿಗೆ ಅದ್ದಿ, ಹನಿ ಬೀಳದಂತೆ ಹಿಂಡಿ, ನೆಲದ ಮೇಲೆ ಕೂತು ಸರಿಯುತ್ತ ಸರಿಯುತ್ತ ಇಡೀ ಹಾಲು ಒರೆಸಿದರು. ಮುಖ ಮಾತ್ರ ಉಪವಾಸ ಇದ್ದವರಂತೆ ಇತ್ತು. ಆ ವಯಸ್ಸಿನಲ್ಲಿ ಅಷ್ಟು ದಿನದ ಸಂತೋಷವನ್ನು ಪಕ್ಕದ ಮನೆಯ ಕೂಸಿಗಾಗಿ ಬಿಟ್ಟುಕೊಟ್ಟರಲ್ಲ, ಅದನ್ನು ನೀವು ತಿಳಿಯಬೇಕೆಂದೇ ಇಷ್ಟೆಲ್ಲ ಬರೆದೆ. ತಮ್ಮ ರೂಮಿಗೆ ಮರಳಿದ ಮೇಲೆ ಮಗುವಿನ ಕೆಮ್ಮು ನಿಧಾನವಾಗಿ ನಿಂತಿತು.

ಕಳೆದ ಚಳಿಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು, "ಗೌರಿ, ನಾನ್ ಸತ್ಮೇಲೆ ಮನೆ ತೊಳೀತಾರೆ. ನೀರು ಸುರಿಯಾಕೆ ಬಿಡ್ಬ್ಯಾಡ. ಆಗ ನಾನಿರಲ್ಲ, ನೀನೇ ಬಾಯ್ ಬಿಡ್ಬೇಕು" ಎಂದರು. ಅವರು ನನಗೆ ಹೇಳಿದ ಕೊನೆಯ ಕೆಲಸ ಅದು.

ಹೆಣ ಎತ್ತಿದ ಮೇಲೆ ಮನೆ ತೊಳೆಯುವುದು ನಮ್ಮ ಪದ್ಧತಿ. ಗಂಡಸರು ಸ್ಮಶಾನಕ್ಕೆ ಹೋಗುತ್ತಿದ್ದಂತೆ ನನ್ನ ನಾದಿನಿ ಜಯಮ್ಮ ಬಕೆಟ್ಟು ತುಂಬಿಕೊಂಡು ಬಂದು ಹಾಲಿನ ಬಾಗಿಲಲ್ಲಿ ನಿಂತಳು. ಮನೆ ತುಂಬ ನೆಂಟರು. ನಾನು ಅವಳೆದುರು ಹೋಗಿ ನಿಂತೆ.

"ಜಯಮ್ಮ, ಸುರೀಬ್ಯಾಡ. ಒರ್ಸಾಣ."

"ಏನತ್ತಿಗೆ ಇದು? ಸತ್ತ ಮನೆ ತೊಳೀದೆ ಇರ್ತಾರಾ? ನಮ್ಮವ್ವಂಗೆ ಕೊನೇ ನೀರೂ ಬ್ಯಾಡ್ವಾ?"

"ನಿಮ್ಮವ್ವನೇ ಬ್ಯಾಡ ಅಂದವ್ರೆ. ಗೋಡೆ ಆಚೆ ಮಗು ಮಲಗೈತೆ."

ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಆಶ್ಚರ್ಯ. ಜಯಮ್ಮ ನನ್ನನ್ನೇ ನೋಡಿದಳು. ಆಮೇಲೆ ತಿರುಗಿ ಹೋಗಿ ಆ ನೀರನ್ನು ಅಂಗಳಕ್ಕೆ ಹೊಯ್ದು, ಖಾಲಿ ಬಕೆಟ್ಟು ಕೆಳಗಿಟ್ಟು, "ಬಟ್ಟೆ ಎಲ್ಲಿದೆ ಕೊಡಿ" ಎಂದಳು. ನಾವಿಬ್ಬರೂ ಆ ಕಡೆ ಈ ಕಡೆ ಹಿಡಿದು ಬಟ್ಟೆಯನ್ನು ಹಿಂಡಿದೆವು. ಅವಳು ಅಳುತ್ತ ಹಿಂಡುತ್ತಿದ್ದಳು. ಒಂದು ಹನಿಯೂ ಬೀಳದಷ್ಟು ಹಿಂಡಿ, ಗೋಡೆಯ ಬುಡದಿಂದ ಒರೆಸಲು ಶುರುಮಾಡಿದೆವು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಕಪಾಟಿನ ಕೆಳಗಿನ ಅರೆಯಲ್ಲಿ ಬೇಡ, ನೆಲದ ಥಂಡಿ ಏರೀತು; ಎತ್ತರದಲ್ಲಿ ಇಡಿ.