ಭಾರತಮ್ಮನ ರಾಕ್ಷಸ

ದೇವರಾಯಸಮುದ್ರದ ಅಂಗನವಾಡಿಯಲ್ಲಿ ಭಾರತಮ್ಮ ಟೀಚರ್ ಹೇಳುತ್ತಿದ್ದ ಕಥೆಗಳಲ್ಲಿ ಗೊಂದಲಕ್ಕೆ ಜಾಗವೇ ಇರಲಿಲ್ಲ. ಕೊಂಬಿದ್ದವನು ಕೆಟ್ಟವನು, ಬಿಳಿ ಕುದುರೆ ಏರಿದವನು ಒಳ್ಳೆಯವನು. ಕೊನೆಗೆ ಕೊಂಬಿನವನು ದೊಪ್ಪೆಂದು ಬೀಳಬೇಕು, ಮಕ್ಕಳು ಚಪ್ಪಾಳೆ ತಟ್ಟಬೇಕು, ಆಮೇಲೆ ಉಪ್ಪಿಟ್ಟು.

೧೯೯೭ರ ಬೇಸಿಗೆಯಲ್ಲಿ ಪಕ್ಕದ ಹೊಲದ ಕೋದಂಡರಾಮಪ್ಪ ಅಂಗನವಾಡಿಯ ಕಾಲುದಾರಿಗೆ ಮುಳ್ಳುಬೇಲಿ ಹಾಕಿಬಿಟ್ಟ. ಪುಟ್ಟ ಮಕ್ಕಳು ಕೆರೆಕಟ್ಟೆ ಸುತ್ತಿ ಬರಬೇಕಾಯಿತು. ಕೇಳಲು ಹೋದ ಭಾರತಮ್ಮನಿಗೆ "ನನ್ ಹೊಲ, ನನ್ ಬೇಲಿ" ಅಂದ. ಭಾರತಮ್ಮ ಜಗಳಗಂಟಿಯಲ್ಲ. ಮಾರನೆಯ ದಿನದ ಕಥೆಯಲ್ಲಿ ರಾಕ್ಷಸನಿಗೆ ಗಿರಿಜಾ ಮೀಸೆ ಬಂತು, ಹೆಗಲಿಗೆ ಹಸಿರು ಟವಲ್ಲೂ ಬಂತು. ಊರಿನಲ್ಲಿ ಅಂಥ ಮೀಸೆ ಇದ್ದದ್ದು ಕೋದಂಡರಾಮಪ್ಪನಿಗೆ ಮಾತ್ರ. ಅವನನ್ನು ಕಂಡಲ್ಲೆಲ್ಲ ಮಕ್ಕಳು ಕಿರುಚಿ ಓಡತೊಡಗಿದರು.

ಹೀಗಿರುವಾಗ ಅಂಗನವಾಡಿಯ ಆಯಾ ಅಂಜಮ್ಮನಿಗೆ ಸೌದೆ ಎಳೆಯುವಾಗ ಹಾವು ಕಚ್ಚಿತು. ಬಸ್ಸು ಆಗಲೇ ಹೊರಟುಹೋಗಿತ್ತು. ಭಾರತಮ್ಮನ ಕೂಗು ಕೇಳಿ ಕೋದಂಡರಾಮಪ್ಪ ತನ್ನದೇ ಬೇಲಿಯ ಮೇಲೆ ಟ್ರ್ಯಾಕ್ಟರ್ ಹತ್ತಿಸಿಕೊಂಡು ಬಂದ. ಅಂಜಮ್ಮನನ್ನು ಎತ್ತಿ ಕೂರಿಸಿ ಮುಳಬಾಗಿಲಿನ ಆಸ್ಪತ್ರೆಗೆ ಓಡಿಸಿದ. ಅವಳು ಬದುಕಿದಳು.

ಅಂಜಮ್ಮ ಮನೆಗೆ ಬಂದ ದಿನ ಭಾರತಮ್ಮ ಅವನಿಗೆ ಒಂದು ಮಾತು ಹೇಳಿಬರೋಣವೆಂದು ಹೋದಳು. ಅವನು ಮತ್ತೆ ಮುಳ್ಳು ಕಟ್ಟುತ್ತಿದ್ದ!

"ಏನು ಕೋದಂಡರಾಮಪ್ಪನೋರೇ, ಮತ್ತೆ ಬೇಲೀನಾ?"

"ಇನ್ನೇನಮ್ಮಾ? ನಿಮ್ ಮಕ್ಳು ಟೊಮೇಟೊ ಸಸಿ ತುಳೀತಾರೆ. ಹಾವು ಕಚ್ಚಿದ್ದು ಬೇರೆ, ಬೇಲಿ ಬೇರೆ." ಆಮೇಲೆ ಮೀಸೆ ತೀಡಿ ಕೇಳಿದ, "ಏಮಮ್ಮಾ ಟೀಚರಮ್ಮಾ, ಕಥೇಲಿ ನನ್ನ ಸಾಯಿಸ್ಬಿಟ್ರಂತೆ?"

ಭಾರತಮ್ಮನ ಮುಖ ಕೆಂಪಾಯಿತು. "ಇನ್ನೂ ಇಲ್ಲ. ನಾಳೆ ಸಾಯಿಸೋಣ ಅಂತಿದ್ದೆ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮುಳ್ಳು ಮಾತ್ರ ಕದಲಲಿಲ್ಲ.

ಮಾರನೆಯ ದಿನ ಮಕ್ಕಳು ಸುತ್ತ ಕೂತರು.

"ಟೀಚರ್, ರಾಕ್ಷಸ ಸತ್ನಾ?"

"ಇಲ್ಲ. ಬೆಟ್ಟದ ಮೇಲೆ ಸೊಪ್ಪು ಬೆಳ್ಕೊಂಡಿದಾನೆ."

"ಹಂಗಾದ್ರೆ ಒಳ್ಳೇವ್ನಾ?"

ಅಷ್ಟು ವರ್ಷ ನೀರಿನಂತೆ ಹರಿಯುತ್ತಿದ್ದ ಕಥೆಯನ್ನು ಭಾರತಮ್ಮ ಅಲ್ಲಿಗೇ ನಿಲ್ಲಿಸಿ, "ಒಂದೊಂದ್ಸಲ ಹೌದು, ಒಂದೊಂದ್ಸಲ ಇಲ್ಲ" ಎಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದೆ ಕೂತಿದ್ದ ಪುಟ್ಟ ರಜನಿ ಯೋಚಿಸಿ ಕೇಳಿದಳು, "ಈಗ ಯಾವ ಸಲ ಟೀಚರ್?"

ಭಾರತಮ್ಮ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು. ಯಾಕೋ ಮನಸ್ಸು ಹಗುರಾಗಿತ್ತು. ಅದೇ ವಾರ ಬೇಲಿಯ ವಿಷಯವಾಗಿ ಪಂಚಾಯಿತಿಗೆ ದೂರು ಕೊಟ್ಟಳು. ಕೋದಂಡರಾಮಪ್ಪನ ಸೊಸೆಯ ಸೀಮಂತಕ್ಕೂ ಹೋಗಿ, ಎರಡನೆಯ ಒಬ್ಬಟ್ಟನ್ನು ಅವನೇ ಬಡಿಸಿದಾಗ, ತುಪ್ಪ ಕೇಳಿ ಹಾಕಿಸಿಕೊಂಡಳು.